ಹೊಟ್ಟೆ ನೋಡುವ ಡಾಕ್ಟರಬಾಯಿ

ಕನ್ನಡಕ ಮೂಗಿನ ತುದಿಗೆ ಜಾರಿದರೂ ಅವರು ಅದನ್ನು ಕೈಯಿಂದ ಎತ್ತುತ್ತಿರಲಿಲ್ಲ. ಎತ್ತಲು ಕೈಯೆಲ್ಲಿ? ಒಂದು ರೋಗಿಯ ಹೊಟ್ಟೆಯ ಮೇಲೆ, ಇನ್ನೊಂದು ಸ್ಕ್ಯಾನಿಂಗ್ ಮಷೀನಿನ ಗುಂಡಿಗಳ ಮೇಲೆ. ಮೂಗು ಸೊಟ್ಟ ಮಾಡಿ, ಹುಬ್ಬು ಕುಣಿಸಿ ಹೇಗೋ ಮೇಲೇರಿಸಿಕೊಳ್ಳುತ್ತಿದ್ದರು. ಮಲಗಿದವರು ಭಯ ಮರೆತು ನಕ್ಕುಬಿಡುತ್ತಿದ್ದರು.

ಶಹಾಪುರದಲ್ಲಿ ಎಲ್ಲರೂ ಅವರನ್ನು ಹೊಟ್ಟೆ ನೋಡುವ ಡಾಕ್ಟರಬಾಯಿ ಎನ್ನುತ್ತಿದ್ದರು. ದನಿ ಜೋರು. ಗೋಗಿ ಕಡೆಯಿಂದ, ನಮ್ಮ ಕೆಂಭಾವಿ ಕಡೆಯಿಂದ ಬಂದ ಹೆಂಗಸರನ್ನು ಗದರಿಸುವವರೂ ಅವರೇ, ಹೊಟ್ಟೆಗೆ ಹಚ್ಚುವ ಜೆಲ್ಲಿ ತಣ್ಣಗಿರಬಾರದೆಂದು ಬಾಟಲಿಯನ್ನು ಬಿಸಿನೀರಿನ ಚರಿಗೆಯಲ್ಲಿ ಇಡುವವರೂ ಅವರೇ.

ಹಳೆಯ ಕಾಮಾಲೆಯಿಂದ ನನ್ನ ಅವ್ವನ ಲಿವರ್ ಗಟ್ಟಿಯಾಗಿತ್ತು. ಇಂಥವರಿಗೆ ಕ್ಯಾನ್ಸರಿನ ಭಯ ಇರುತ್ತದೆ, ಸಣ್ಣದಿರುವಾಗ ನೋವೂ ಬರುವುದಿಲ್ಲ, ಅದಕ್ಕೇ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬೇಡಿ ಎಂದು ಡಾಕ್ಟರಬಾಯಿ ತಾಕೀತು ಮಾಡಿದ್ದರು. ಬರುವ ದಿನ ಏನೂ ತಿನ್ನಬಾರದು. ನಮ್ಮವ್ವ ಮಹಾ ಜಾಣೆ! ಶ್ರಾವಣ ಸೋಮವಾರವನ್ನೇ ಹಿಡಿದಳು. ಹೇಗೂ ಉಪವಾಸ, ಎರಡೂ ಒಂದರಲ್ಲೇ ಮುಗಿಯಲಿ ಎಂದು ಅವಳ ಲೆಕ್ಕ.

ಮಷೀನಿನ ತೆರೆ ನೋಡುತ್ತಿದ್ದ ಡಾಕ್ಟರಬಾಯಿ ಕೈ ನಿಲ್ಲಿಸಿದರು.

"ಯಮ್ಮಾ, ಏನು ತಿಂದು ಬಂದೀರಿ?"

"ಅಯ್ಯ, ಉಪವಾಸ ಇದ್ದೀನ್ರಿ ಬಾಯಾರ. ಇವತ್ತ ಸೋಮವಾರ."

"ಉಪವಾಸ ಖರೇ. ಫರಾಳ ಏನು ಮಾಡೀರಿ?"

"ಚೂರು ಸಾಬೂದಾಣಿ, ಬಾಳಿಹಣ್ಣು, ಒಂದು ಶೇಂಗಾ ಉಂಡಿ, ಹಾಲು. ಊಟ ಅಂತೂ ಮಾಡಿಲ್ರಿ!"

ಡಾಕ್ಟರಬಾಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಶಿವಗ ನಡೀತದ ಯಮ್ಮಾ, ನನ್ನ ಮಷೀನಿಗೆ ನಡ್ಯಂಗಿಲ್ಲ. ಹೊಟ್ಟಿ ತುಂಬ ಗ್ಯಾಸ್ ಅದ. ಲಿವರಿನ ಎಡಗಡಿ ಭಾಗ ಕಾಣವಲ್ದು."

ನನಗೆ ಅವಸರ. "ಕಂಡಷ್ಟು ಬರದು ಕೊಡ್ರಿ ಮೇಡಂ, ಬಸ್ ತಪ್ತದ" ಎಂದೆ.

ಅವರ ನಗು ನಿಂತಿತು. "ಕಾಣದ್ದನ್ನ ಛಲೋ ಅದ ಅಂತ ಹೆಂಗ ಬರೀಲಿ ತಂಗಿ? ಕುಂದ್ರಿ. ಸಂಜಿಗೆ ಮತ್ತ ನೋಡ್ತೀನಿ."

ಕುಳಿತೆವು. ಅವ್ವ ಗೊಣಗಿದಳು, ನಾನು ಹಲ್ಲು ಕಡಿದೆ. ಸಂಜೆ ಅವರು ಮನೆಗೆ ಹೋಗದೆ ಅವ್ವನನ್ನು ಮತ್ತೆ ಮಲಗಿಸಿದರು. ಈ ಮಗ್ಗುಲಾಗ್ರಿ, ಆ ಮಗ್ಗುಲಾಗ್ರಿ, ಉಸಿರು ಎಳಕೊಳ್ರಿ, ಹಿಡೀರಿ. ಉಸಿರು ಎಳೆದರೆ ಪಕ್ಕೆಲುಬಿನ ಹಿಂದಿನ ಲಿವರ್ ಕೆಳಗಿಳಿದು ಕಾಣುತ್ತದಂತೆ. ಬಹಳ ಹೊತ್ತು ಒಂದೇ ಕಡೆ ಒತ್ತಿ ನೋಡಿದರು. ಎಡಗಡೆಯ ಅಂಚಿನಲ್ಲಿ ಹುಣಸೆಬೀಜದಷ್ಟು ಒಂದು ಕಪ್ಪು ಚುಕ್ಕೆ.

"ಇದು ಏನಂತ ಇಲ್ಲೇ ಹೇಳಂಗಿಲ್ಲ. ಸುಳ್ಳು ಧೈರ್ಯನೂ ಕೊಡಂಗಿಲ್ಲ" ಎಂದರು ನನ್ನ ಕೈ ಹಿಡಿದು. "ನಾಳೆನೇ ಕಲಬುರಗಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸ್ರಿ. ಏನರ ಇದ್ರೂ ಇನ್ನೂ ಸಣ್ಣದದ. ಹೆದರಬ್ಯಾಡ, ತಡನೂ ಮಾಡಬ್ಯಾಡ."

ಅದು ಕ್ಯಾನ್ಸರೇ ಆಗಿತ್ತು. ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಹರಡುವ ಮೊದಲೇ ಸಿಕ್ಕಿದ್ದಕ್ಕೆ ನಿಮ್ಮ ತಾಯಿ ಉಳಿದರು ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಹೋ ಎಂದು ಅತ್ತೆ. ಆಮೇಲೆ ಅವ್ವ ಮೊಮ್ಮಗಳ ಮದುವೆ ನೋಡಿದಳು, ಮರಿಮಗನನ್ನು ಎತ್ತಿ ಆಡಿಸಿದಳು. ಆರು ತಿಂಗಳಿಗೊಮ್ಮೆ ಶಹಾಪುರಕ್ಕೆ ಹೋಗಿ ಡಾಕ್ಟರಬಾಯಿಯಿಂದ ಬೈಸಿಕೊಂಡು ಬರುವುದು ಅವಳಿಗೆ ತವರಿಗೆ ಹೋದಷ್ಟೇ ಖುಷಿ.

ಹೋದ ವರ್ಷ ಡಾಕ್ಟರಬಾಯಿ ತೀರಿಕೊಂಡರು. ಮಲಗಿದಲ್ಲೇ ಹೃದಯ ನಿಂತಿತ್ತಂತೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೇ. ಸುದ್ದಿ ಕೇಳಿ ಅವ್ವ ಹಟ ಹಿಡಿದು ಬಸ್ ಹತ್ತಿದಳು. ಅವರ ಮನೆಯ ಪಡಸಾಲೆಯಲ್ಲಿ ಜನರನ್ನು ಸರಿಸಿಕೊಂಡು ಹೋಗಿ, ತಲೆಯ ಬಳಿ ಕುಳಿತು, ಅವರ ಗಲ್ಲ ಸವರಿದಳು.

"ನನ್ನ ಆಯುಷ್ಯ ನೀನೇ ಹುಡುಕಿ ಕೊಟ್ಟಿ ತಾಯಿ. ಅದರಾಗ ಒಂದೀಟು ತಗೋ ಅಂದ್ರ, ಈಗ ಹೆಂಗ ಕೊಡ್ಲವ್ವಾ ನಿನಗ?"