ಟವೆಲ್ ಒಣಹಾಕುವ ಬಿದಿರು

ಆ ನೀರನ್ನು ಕಂಡರೆ ನನಗೆ ಓಕರಿಕೆ ಬರುತ್ತದೆ. ಹೋಂಸ್ಟೇಗೆ ಬರುವವರು ಅದನ್ನು ಲೇಕ್ ಅನ್ನುತ್ತಾರೆ. ಹಸಿರು ಪಾಚಿ, ತೇಲುವ ಚಿಪ್ಸ್ ಪ್ಯಾಕೆಟ್ಟು, ಅವರು ಮೈಗೆ ಬಳಿದುಕೊಂಡ ಕ್ರೀಮಿನ ಜಿಡ್ಡು. ಅದರಲ್ಲಿ ಮುಳುಗೆದ್ದು ಬಂದವರ ಟವೆಲ್ ಒಗೆಯುವವಳು ನಾನು.

ಅದು ಮೊದಲು ಗದ್ದೆ. ನಾನೇ ಅಲ್ಲಿ ನಾಟಿ ಮಾಡಿದ್ದೇನೆ. ಕಾಫಿ ಹೂಬಿಡಲು ಬೇಕಾದ ಹೂಮಳೆ ಕೈಕೊಡತೊಡಗಿದಾಗ, ಸ್ಪ್ರಿಂಕ್ಲರಿಗೆ ನೀರು ಬೇಕೆಂದು ತೋಟದ ಸಾವ್ಕಾರ್ರು ಜೆಸಿಬಿ ತರಿಸಿ ಕೆರೆ ತೋಡಿಸಿದರು. ಕೊನೆಯ ನೀರನ್ನೂ ಪಂಪು ಎಳೆಯಲಿ ಎಂದು ಕೆರೆಯೊಳಗೇ ಇನ್ನೊಂದು ಗುಂಡಿ, ಎರಡಾಳು ಆಳ. ಸುತ್ತ ಎದೆಮಟ್ಟದ ನೀರು, ಒಂದು ಹೆಜ್ಜೆ ಮುಂದಿಟ್ಟರೆ ಪಾತಾಳ. ಪ್ರತಿ ಬೇಸಿಗೆ ನೀರಿಳಿದಾಗ ಗುಂಡಿಯ ಹೂಳು ತೆಗೆದು, ಅಂಚಿಗೆ ಕೆಂಪು ಬಟ್ಟೆ ಕಟ್ಟಿದ ಬಿದಿರು ನೆಡುತ್ತಿದ್ದೆವು. ಕೋಲಿನ ಹತ್ತಿರ ಹೋಗಬಾರದೆಂದು ನಾವು ಕೂಲಿಯವರಿರುವ ಲೈನ್ ಮನೆಯ ಮಕ್ಕಳಿಗೂ ಗೊತ್ತಿತ್ತು.

ಆಮೇಲೆ ಹೋಂಸ್ಟೇ ಬಂತು, ಪೆಡಲ್ ಬೋಟು ಬಂತು. "ಫೋಟೋದಲ್ಲೆಲ್ಲ ಆ ಕೆಂಪು ಚಿಂದಿ ಬೀಳ್ತದೆ. ಕಿತ್ತು ಹಾಕು ಮಾರಾಯ್ತಿ," ಅಂದರು ಸಾವ್ಕಾರ್ರು. ಕಿತ್ತೆ. ಒಳ್ಳೆಯ ಬಿದಿರು, ಎಸೆಯಲು ಮನಸ್ಸಾಗದೆ ಬಚ್ಚಲ ಹಿಂದೆ ಅಡ್ಡ ಕಟ್ಟಿ ಟವೆಲ್ ಒಣಹಾಕಿದೆ.

ಮಾದಾಪುರದ ತೋಟದಲ್ಲಿದ್ದ ನನ್ನ ತಮ್ಮ ಆ ಮಳೆಗಾಲ ಮುಗಿದ ಮೇಲೆ ಬೋಟಿನ ಕೆಲಸಕ್ಕೆ ಬಂದ. ಸೇರಿಸಿದವಳು ನಾನೇ. ಹಿಂದೆ ನನ್ನನ್ನು ನೋಡಲು ಬಂದಾಗ ಕೋಲು ಕಂಡಿದ್ದವನು ಮೊದಲ ದಿನವೇ ಕೇಳಿದ: "ಅಕ್ಕ, ಕೋಲು ಕಾಣ್ತಾ ಇಲ್ವಲ್ಲ. ಗುಂಡಿ ಮುಚ್ಚಿಸಿದ್ರಾ?"

ಕೋಲು ನನ್ನ ಬೆನ್ನ ಹಿಂದೆಯೇ ಇತ್ತು, ಟವೆಲ್ ಹೊದ್ದುಕೊಂಡು. ಕಿತ್ತವಳು ನಾನು ಅಂದರೆ ಬೈಯುತ್ತಾನೆ, ಸಾವ್ಕಾರ್ರ ಹತ್ತಿರ ಜಗಳಕ್ಕೆ ಹೋಗುತ್ತಾನೆ, ಇಬ್ಬರ ಕೆಲಸವೂ ಹೋಗುತ್ತದೆ. "ಹೂಂ, ಮುಚ್ಚಿಸಿರ್ಬೇಕು," ಅಂದೆ.

"ಇಲ್ಲೇ ಇರೋಳಿಗೆ ಗೊತ್ತಿಲ್ವಾ? ಟವೆಲ್ ಮಹಾರಾಣಿ!" ಎಂದು ನಗುತ್ತಾ ಹೋದ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಬೋಟು ಪಾಚಿಯಲ್ಲಿ ಸಿಕ್ಕಿಕೊಂಡಿತು. ಅವನಿಗೆ ಈಜು ಬಾರದು. ಎದೆಮಟ್ಟದ ನೀರು ತಾನೇ ಎಂದು ನಡೆದುಕೊಂಡೇ ಎಳೆಯಲು ಹೋದ. ತಲೆ ಕಾಣದಾದಾಗ ಬೋಟಿನವರು ತಮಾಷೆ ಅಂದುಕೊಂಡು ನಕ್ಕರು. ಹೂಳಿನಲ್ಲಿ ಕಾಲು ಹೂತವನನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಪೊಲೀಸರ ಮುಂದೆ ಸಾವ್ಕಾರ್ರೇ ಮೊದಲು ಬಾಯಿಬಿಟ್ಟರು. "ಬೆಳಿಗ್ಗೆಯೇ ಹಾಕಿದ್ದ ಅಂತ ಕಾಣ್ತದೆ."

"ಹೌದೇನಮ್ಮಾ?" ಎಂದು ಪೊಲೀಸರು ನನ್ನತ್ತ ತಿರುಗಿದರು.

ಆ ಬೆಳಿಗ್ಗೆ ಅವನು ಕುಡಿದದ್ದು ನಾನು ಕೊಟ್ಟ ಕಪ್ಪು ಕಾಫಿ. ಬೆಲ್ಲ ಕಮ್ಮಿ ಎಂದು ಗೊಣಗಿದ್ದ. ಆದರೆ ಇಲ್ಲ ಅಂದರೆ ಮುಂದಿನ ಪ್ರಶ್ನೆ ಕೋಲಿನದು. "ಹೂಂ," ಅಂದೆ. ಅವರು ಬರೆದ ಹಾಳೆಗೆ ಸಹಿ ಹಾಕಿದೆ. ಶಾಲೆಯಲ್ಲಿ ಐದು ವರ್ಷ ಕಲಿತದ್ದು ಆ ಸಹಿಗೆ ಒದಗಿತು.

ಈಗ ದಡದಲ್ಲಿ ಬೋರ್ಡು ಇದೆ: ಕುಡಿದು ನೀರಿಗಿಳಿಯಬಾರದು. ಗುಂಡಿಯ ಮಾತಿಲ್ಲ. ಕುಡಿಯದವರು ಧೈರ್ಯವಾಗಿ ಇಳಿಯುತ್ತಾರೆ. ತಮ್ಮನ ಮಾತು ಬಂದರೆ ಲೈನಿನವರು ಹೆಬ್ಬೆರಳನ್ನು ಬಾಯಿಗೆತ್ತಿ ಬಾಟಲಿಯ ಸನ್ನೆ ಮಾಡುತ್ತಾರೆ. ಅದನ್ನು ಕಲಿಸಿದವಳು ನಾನು.

ಮೊನ್ನೆ ಮಗಳ ಕೈಹಿಡಿದು ಬಂದ ತಾಯಿಯೊಬ್ಬಳು ಟವೆಲ್ ಕೇಳುತ್ತಾ, "ಆಳ ಇಲ್ಲ ಅಲ್ವಾ?" ಅಂದಳು. ನಾಲಗೆಗೆ ಮತ್ತೆ ಅದೇ ಹೂಂ ಬಂತು. ನನ್ನ ಬಾಯಿಯೇ ನನಗೆ ಹೇಸಿಗೆಯಾಯಿತು.

"ಗುಂಡಿ ಇದೆ. ನನ್ನ ತಮ್ಮ ಅಲ್ಲೇ ಸತ್ತ. ಕುಡಿದಿರಲಿಲ್ಲ," ಅಂದೆ.

ಒದ್ದೆ ಟವೆಲ್‌ಗಳನ್ನು ನೆಲಕ್ಕೆ ಕೆಡವಿ ಬಿದಿರು ಬಿಚ್ಚಿ, ಹೆಗಲಿಗಿಟ್ಟು ಕೆರೆಯತ್ತ ನಡೆದೆ. ಸಾವ್ಕಾರ್ರು ಜಗಲಿಯಿಂದ ಕೂಗುತ್ತಲೇ ಇದ್ದರು.