ಸಂತೆಯ ದಿನ ಬರುತ್ತಿದ್ದ ಅಕ್ಕೋರು

ಪಕ್ಕದ ಮನೆಯ ಕಾಕು ಬೆಳಿಗ್ಗೆ ತಂದುಕೊಟ್ಟ ಕೆಂಪು ಬಾಳೆಹಣ್ಣಿನ ವಾಸನೆ ಅಡುಗೆಮನೆ ತುಂಬಿದೆ. ಕಮಲಾಪುರದಲ್ಲಿ ಇದೇನು ಅಪರೂಪದ ಹಣ್ಣಲ್ಲ. ಆದರೂ ನನಗೆ ನೆನಪಾಗುವುದು ಕಲಬುರಗಿಯ ಬ್ರಹ್ಮಪುರದ ಒಂದು ಮಹಡಿ ಕೋಣೆ, ಅಲ್ಲಿ ಕೂರುತ್ತಿದ್ದ ಅಕ್ಕೋರು. ಮೊದಲ ಸಲ ಹೋದಾಗ ಇಂಥದೇ ಹಣ್ಣು ಒಯ್ದಿದ್ದೆ.

ಮದುವೆಯಾಗಿ ವರ್ಷ ತುಂಬುವ ಮುಂಚೆಯೇ ನನ್ನ ಗಂಡ ಮಾತು ಬಿಟ್ಟಿದ್ದರು. ಗೋಡೆ ನೋಡುತ್ತ ಕೂತುಬಿಡುತ್ತಿದ್ದರು. ಯಾರದೋ ಕಣ್ಣು ತಾಗಿದೆ ಎಂದರು ಅತ್ತೆ. ನಾನೇ ಕಲಬುರಗಿಗೆ ಕರೆದೊಯ್ದೆ. ಡಾಕ್ಟರು ಗುಳಿಗೆ ಬರೆದುಕೊಟ್ಟು, ಇದೊಂದೇ ಸಾಲದು, ಮನೆಯವರನ್ನೂ ಕೂಡಿಸಿ ಮಾತಾಡಿಸಲು ತರಬೇತಾದ ಸಮಾಜ ಕಾರ್ಯಕರ್ತರು ಬೇಕು, ಹುಡುಕಿ ಎಂದರು. ಎಂ.ಎ. ಓದಿದ ನನಗೂ ಅಂಥವರಿರುತ್ತಾರೆಂದು ಗೊತ್ತಿರಲಿಲ್ಲ. ನೆಹರು ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುವ ನನ್ನ ಸೋದರಮಾವನನ್ನು ಕೇಳಿದರೆ, "ಸಮಾಜ ಸೇವಾ? ಯಾವ ವಾರ್ಡಿಗಿ ನಿಂತಾರ?" ಎಂದು ನಕ್ಕರು. ಕೊನೆಗೆ ಔಷಧಿ ಅಂಗಡಿಯವರೊಬ್ಬರು, ಅಂಥ ಕೆಲಸ ಮಾಡುವ ಅಕ್ಕೋರೊಬ್ಬರಿದ್ದಾರೆ ಎಂದು ಬ್ರಹ್ಮಪುರದ ದಾರಿ ಹೇಳಿದರು.

ಮೆಟ್ಟಿಲು ಹತ್ತಿ ನಾನು ಬಾಯಿ ತೆರೆಯುವಷ್ಟರಲ್ಲಿ, ವಾರಗಟ್ಟಲೆ ಮಾತಾಡದಿದ್ದ ನನ್ನ ಗಂಡ ಹಿಂದಿನಿಂದ ಅಂದರು: "ಮತ್ತ ಬಂದೀನ್ರಿ ಅಕ್ಕೋರ."

ಆ ದನಿ ನಿಜಕ್ಕೂ ನೆನಪಿದೆಯೋ, ಆಮೇಲೆ ನಾನೇ ಕಟ್ಟಿಕೊಂಡದ್ದೋ... ಅಕ್ಕೋರು ನನ್ನ ಕಡೆ ನೋಡಲಿಲ್ಲ, ಅದಂತೂ ಖಚಿತ. "ಹೇಳ್ಲೇನು?" ಎಂದು ಇವರನ್ನೇ ಕೇಳಿದರು. ಇವರು ತಲೆಯಾಡಿಸಿದರು.

ನಮ್ಮ ಮದುವೆಗೆ ಮುಂಚೆಯೂ ಇವರು ಹೀಗೇ ಮಾತು ಬಿಟ್ಟಿದ್ದಾಗ ಅಕ್ಕೋರು ಕಮಲಾಪುರದ ಮನೆಗೆ ಸಂತೆಯ ದಿನ ಬರುತ್ತಿದ್ದರಂತೆ. ಆ ಗದ್ದಲದಲ್ಲಿ ಯಾರ ಮನೆಗೆ ಯಾರು ಬಂದರೆಂದು ಯಾರೂ ಗಮನಿಸುವುದಿಲ್ಲ ಎಂದು ಅತ್ತೆಯೇ ಗೊತ್ತುಮಾಡಿದ್ದು. ಆದರೂ ಕೇಳಿದವರಿಗೆ, ಹೆಣ್ಣು ತೋರಿಸುವಾಕೆ ಎಂದು ಹೇಳಿಬಿಟ್ಟಿದ್ದರು. ಆ ಸುದ್ದಿ ಹರಡಿ ನಿಜವಾಗಿಯೂ ಸಂಬಂಧಗಳು ಬರತೊಡಗಿದವು. ಅವುಗಳಲ್ಲಿ ನನ್ನದೂ ಒಂದು.

"ಲಗ್ನಕ್ಕಿಂತ ಮೊದಲ ಇವರ ಕಾಯಿಲಿ ಹುಡುಗಿಗಿ ಹೇಳ್ರಿ ಅಂದಿದ್ದೆ," ಅಂದರು ಅಕ್ಕೋರು. "ಹೇಳೀವಿ, ಒಪ್ಯಾಳ ಅಂದ್ರು ನಿಮ್ಮ ಅತ್ತಿ. ಇನ್ನ ಬರಬ್ಯಾಡ್ರಿ ಅಂದ್ರು."

"ನನಗ ಒಂದ್ ಮಾತು ಕೇಳಬೇಕಿತ್ತಲ್ರಿ," ಅಂದೆ.

ರೋಗಿಯ ಗುಟ್ಟನ್ನು ಅಕ್ಕೋರು ಬಿಟ್ಟುಕೊಡುವಂತಿರಲಿಲ್ಲ ಎಂಬುದು ಈಗ ಅರ್ಥವಾಗುತ್ತದೆ. ಅರ್ಥವಾದರೂ ಕಹಿ ಹೋಗಿಲ್ಲ.

ಆದರೂ ಅವರಲ್ಲಿಗೇ ಹೋದೆವು. ಊರಲ್ಲಿ ಬೇರೆ ಯಾರಿದ್ದರು? ಅವರೆದುರು ಇವರು ಮೆಲ್ಲಗೆ ಮಾತಿಗೆ ಮರಳಿದರು. ಅತ್ತೆ ಒಮ್ಮೆಯೂ ಆ ಮೆಟ್ಟಿಲು ಹತ್ತಲಿಲ್ಲ. ಆಮೇಲೆ ಅಕ್ಕೋರು ಊರು ಬಿಟ್ಟರು. ಆ ಕೋಣೆಯಲ್ಲೀಗ ಮಕ್ಕಳ ಟ್ಯೂಷನ್ ನಡೆಯುತ್ತದೆ. ಇವರು ಮತ್ತೆ ಸುಮ್ಮನಾದಾಗೊಮ್ಮೆ ಹೋಗಿ, ಕೆಳಗೇ ನಿಂತು ಮರಳಿ ಬಂದೆ...

ಇವತ್ತು ಕಾಕು ಹಣ್ಣು ತಂದದ್ದೂ ಅಕ್ಕೋರ ವಿಷಯ ಕೇಳಲೆಂದೇ. "ನಿಮ್ಮ ಮನಿಗಿ ಬರ್ತಿದ್ದಳಲ್ಲ, ಹೆಣ್ಣು ತೋರ್ಸಾಕಿ, ಆಕಿ ನಂಬರ್ ಇದ್ರ ಕೊಡವಾ. ನಿನ್ನಂಥಾಕೀನ ಹುಡುಕಿ ಕೊಟ್ಟಾಳ." ಕಾಕುವಿನ ಮಗ ಇತ್ತೀಚೆಗೆ ಯಾರೊಡನೆಯೂ ಮಾತಾಡುವುದಿಲ್ಲವಂತೆ. ಲಗ್ನವಾದರೆ ಹಾದಿಗೆ ಬರುತ್ತಾನಂತೆ.

ಆಕೆ ಈಗ ಊರಲ್ಲಿಲ್ಲ, ಮೊದಲು ಮಗನನ್ನು ಡಾಕ್ಟರಿಗೆ ತೋರಿಸಿ ಎಂದೆ. "ಲಗ್ನ ಮಾಡೋದಾದ್ರ ಹುಡುಗಿಗಿ ಹೇಳ್ರಿ ಕಾಕು."

"ಹೇಳ್ತೀವಿ ತಗೋ," ಅಂದು ಅವರು ಸೆರಗು ಕೊಡವಿ ಎದ್ದರು.

ಆ ಹುಡುಗಿ ಯಾರೆಂದು ಇನ್ನೂ ಗೊತ್ತಾಗಿಲ್ಲ. ಅವಳು ಹುಡುಕಿಕೊಂಡು ಹೋಗಲು ಅಕ್ಕೋರೂ ಇಲ್ಲ.