ವಿಚಾರಣೆಯ ದಿನ ಕೇಳಿದ ಮಗ್ಗದ ಸಪ್ಪಳ

ಎರಡು ವರ್ಷದ ಹಿಂದಿನ ಜೂನ್ ಹದಿನಾಲ್ಕು, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ದಿನಚರಿಯಲ್ಲಿ ಹಾಗೆಂದು ಬರೆದಿದ್ದೇನೆ. ಅದಕ್ಕೂ ಮೊದಲು ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು.

ರಕ್ಷಣಾ ಇಲಾಖೆಗೆ ಸೇರಿದ ಕಾರ್ಖಾನೆಯೊಂದರಲ್ಲಿ ನನಗೆ ಹುದ್ದೆ ಸಿಕ್ಕಿತ್ತು. ಸೇರುವ ಮೊದಲು ಮನೆಯವರ ಪೂರ್ವಾಪರ ವಿಚಾರಿಸುತ್ತಾರೆ. ಪರದೇಶದಲ್ಲಿ ರಕ್ತಸಂಬಂಧಿಗಳಿದ್ದರೆ ಹೇಳಲೇಬೇಕು. ಅಬ್ಬಾನ ಅಕ್ಕ, ಅಂದರೆ ನನ್ನ ಫುಪ್ಪಿ, ನಾನು ಹುಟ್ಟುವ ಮೊದಲೇ ಮದುವೆಯಾಗಿ ಕರಾಚಿಗೆ ಹೋದವರು. ದಾದಾ, ಅಂದರೆ ಅಬ್ಬಾನ ತಂದೆ, ತೀರಿಕೊಂಡ ಮೇಲೆ ಫುಪ್ಪಿಯ ಸುದ್ದಿಯೇ ಇಲ್ಲ. ಹೇಳಿಬಿಡೋಣ ಎಂದು ವಿಚಾರಣೆಯ ಹಿಂದಿನ ಸಂಜೆ ನಾನು ಹಟ ಹಿಡಿದೆ.

ಅಬ್ಬಾ ಒಪ್ಪಲಿಲ್ಲ. "ಕೊಟ್ಟ ಹೆಣ್ಮಗಳು ಅವರ ಮನಿ ಲೆಕ್ಕ, ಬೇಟಿ. ನಮ್ಮ ರೇಶನ್ ಕಾರ್ಡಿನಾಗಿಂದ ಹೆಸರು ತಗಸಿ ಎಷ್ಟ ವರ್ಷ ಆತು. ಸುಮ್ನ ನೌಕರಿ ಕಳ್ಕೋಬ್ಯಾಡ" ಎಂದರು. ಅದು ಸುಳ್ಳೆಂದು ಅವರಿಗೆ ಅನ್ನಿಸಲೇ ಇಲ್ಲ.

ಮರುದಿನ ಗಜೇಂದ್ರಗಡದ ನಮ್ಮ ಮನೆಗೆ ಬಂದ ಅಧಿಕಾರಿ ಚಹಾ ಕುಡಿಯುತ್ತ ಕೇಳಿದರು. "ಪರದೇಶದಾಗ ನಿಮ್ಮವರು ಯಾರರೆ ಅದಾರೇನ್ರಿ?"

"ಯಾರೂ ಇಲ್ರಿ ಸಾಹೇಬ್ರ. ನಮ್ಮ ಬಳಗ ನರಗುಂದ ದಾಟಿಲ್ಲ" ಎಂದರು ಅಬ್ಬಾ.

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಕೋಣೆಯಿಂದ ಮಗ್ಗದ ಸಪ್ಪಳ ಬಂತು. ಎರಡು ಪೆಟ್ಟು, ತುಸು ತಡೆ, ಮತ್ತೊಂದು ಪೆಟ್ಟು. ನೇಕಾರರ ಮನೆಗಳಲ್ಲಿ ಪೆಟ್ಟು ಕೇಳಿಯೇ ಕೂತವರು ಯಾರೆಂದು ಹೇಳುತ್ತಾರೆ.

ಅಧಿಕಾರಿ ಬಾಗಿಲ ಕಡೆ ನೋಡಿದರು. "ಒಳಗ ಯಾರು ನೇಯಾಕತ್ತಾರ?"

"ನಮ್ಮಕ್ಕ" ಎಂದರು ಅಬ್ಬಾ. ಅಂದ ಮೇಲೆಯೇ ತಾವು ಅಂದದ್ದೇನೆಂದು ಅವರಿಗೆ ಹೊಳೆದದ್ದು.

"ಅಂದ್ರ ಮನ್ಯಾಗ ಇನ್ನೊಬ್ರು ಅದಾರ, ನೀವು ಹೇಳೇ ಇಲ್ಲ."

"ಮನ್ಯಾಗ ಇಲ್ರಿ" ಎಂದೆ ನಾನು. "ಕರಾಚಿಯೊಳಗ ಅದಾರ." ಫುಪ್ಪಿಯ ಹೆಸರು, ಅವರ ಗಂಡನ ಹೆಸರು, ಗೊತ್ತಿದ್ದಷ್ಟನ್ನೂ ಬರೆಸಿದೆ. ಅಷ್ಟರಲ್ಲಿ ಸಪ್ಪಳ ನಿಂತಿತ್ತು.

ಅಧಿಕಾರಿ ಮಗ್ಗದ ಮಾತು ಬಿಟ್ಟು ಹೆಸರುಗಳನ್ನು ಬರೆದುಕೊಂಡು ಅಬ್ಬಾನ ಕಡೆ ತಿರುಗಿದರು. "ನಿಮ್ಮ ರೇಶನ್ ಕಾರ್ಡಿನಾಗ ಇಲ್ಲದಿದ್ರೂ ಸರಕಾರದ ಲೆಕ್ಕದಾಗ ಅಕ್ಕ ಅಕ್ಕನ ಇರ್ತಾಳ್ರಿ. ಇದ್ದದ್ದು ತಪ್ಪಲ್ಲ, ಮುಚ್ಚಿದ್ದು ತಪ್ಪಾಗ್ತೈತಿ."

ಅವರು ಹೋದ ಮೇಲೆ ಒಳಕೋಣೆಯ ಬೀಗ ತೆಗೆದೆವು. ಮಗ್ಗಕ್ಕೆ ಹಾಸಿನ ನೂಲೇ ಏರಿಸಿರಲಿಲ್ಲ. ಕಾಲಿಡುವ ಗುಂಡಿಯಲ್ಲಿ ಈರುಳ್ಳಿ ಚೀಲ ಇಟ್ಟಿದ್ದೆವು. ಲಾಳಿಯ ಮೇಲಿನ ಧೂಳಿನಲ್ಲಿ ಬೆರಳಿನ ಗುರುತಿಲ್ಲ. ಓಣಿಯಲ್ಲಿ ಉಳಿದಿರುವ ಇನ್ನೊಂದೇ ಮಗ್ಗದವರು ಅಂದು ಸೂಡಿ ಎಂಬ ಊರಿಗೆ ಮದುವೆಗೆಂದು ಹೋಗಿದ್ದರು. ಫುಪ್ಪಿಗೆ ಚಿಕ್ಕಂದಿನಲ್ಲಿ ಎಡಗೈ ಮುರಿದು ಸರಿಯಾಗಿ ಕೂಡಿರಲಿಲ್ಲವಂತೆ. ಅದಕ್ಕೇ ಮೂರನೆಯ ಪೆಟ್ಟಿಗೆ ತಡೆಯುತ್ತಿದ್ದರು ಎಂದು ಅಬ್ಬಾ ಆಗ ಹೇಳಿದರು. ನನಗೆ ಅದು ಮೊದಲು ಗೊತ್ತಿರಲಿಲ್ಲ.

ನನ್ನ ಜೊತೆ ಆಯ್ಕೆಯಾದವರು ಕೆಲಸಕ್ಕೆ ಸೇರಿದ್ದಾರೆ. ನನಗೆ ಅನುಮತಿ ಇನ್ನೂ ಬಂದಿಲ್ಲ. ಮತ್ತೆ ಎರಡು ಸಲ ವಿಚಾರಣೆಗೆ ಕರೆದರು. ಎರಡು ಸಲವೂ ಅದೇ ಹೆಸರು ಹೇಳಿದೆ, ಇನ್ನೊಮ್ಮೆ ಕರೆದರೂ ಅದನ್ನೇ ಹೇಳುತ್ತೇನೆ. ಮಗ್ಗದ ವಿಷಯ ಮಾತ್ರ ಅಲ್ಲಿ ಯಾರೂ ಕೇಳಲಿಲ್ಲ.

ಎರಡು ಪೆಟ್ಟು ಹೊಡೆದು, ತಡೆದು, ಮತ್ತೊಂದು ಹೊಡೆಯುವ ಗಜೇಂದ್ರಗಡದ ಹೆಣ್ಣುಮಗಳೊಬ್ಬರನ್ನು ಕರಾಚಿಯಲ್ಲಿ ಕಂಡವರಿದ್ದರೆ, ಅವರು ಇದ್ದಾರೋ ಇಲ್ಲವೋ ಎಂದಷ್ಟಾದರೂ ಬರೆದು ತಿಳಿಸಿ. ನಿಮ್ಮ ಪತ್ರವನ್ನು ವಿಚಾರಣೆ ನಡೆಸುವವರಿಗೆ ನಾನೇ ತೋರಿಸುತ್ತೇನೆ. ಅದು ಗೊತ್ತಿದ್ದೇ ಬರೆಯಿರಿ.